ಟ್ರಸ್ಟಿಗಳ ಪಟ್ಟಿಯಲ್ಲಿ ಯಾರಿರಬೇಕು?

ಕಾಯಿಲೆಯೊಂದಿಗೆ ಬೆಳೆಯುತ್ತಿರುವ ಮತ್ತು ಮನೆಯವರನ್ನು ಕಳೆದುಕೊಂಡ ಮಕ್ಕಳು, ಯುವಜನರಿಗಾಗಿ ನಮ್ಮ ಜಿಲ್ಲೆಯಲ್ಲೊಂದು ಟ್ರಸ್ಟ್ ಆರಂಭಿಸಲು ಹೊರಟಿರುವ ಪರಿಚಿತರೊಬ್ಬರು, ಟ್ರಸ್ಟಿಗಳಾಗಲು ಒಪ್ಪಿರುವವರ ಪಟ್ಟಿಯನ್ನು ಕಳುಹಿಸಿ ನನ್ನ ಅಭಿಪ್ರಾಯ ಕೇಳಿದ್ದರು. ನಿವೃತ್ತ ಕರ್ನಲ್ ಒಬ್ಬರು, ಕಾಫಿ ಬೆಳೆಗಾರರಿಬ್ಬರು, ಒಬ್ಬರು ವೈದ್ಯರು, ಬ್ಯಾಂಕಿನಿಂದ ನಿವೃತ್ತರಾದ ವ್ಯವಸ್ಥಾಪಕರು, ಶಾಲೆಯೊಂದರ ಆಡಳಿತ ಮಂಡಳಿಯ ಅಧ್ಯಕ್ಷರು. ಎಲ್ಲರೂ ಗೌರವಾನ್ವಿತರೇ. ಕೊಡಗಿನಲ್ಲಿ ಯಾವ ಒಳ್ಳೆಯ ಕೆಲಸಕ್ಕೆ ಸಮಿತಿ ರಚಿಸಿದರೂ ಹೆಚ್ಚುಕಡಿಮೆ ಇಂಥವರೇ ಮುಂದೆ ಬರುತ್ತಾರೆ, ಬರದಿದ್ದರೆ ಕೆಲಸ ಆಗುವುದೂ ಇಲ್ಲ. ಆದರೆ ಎಲ್ಲರೂ ಅರವತ್ತು ದಾಟಿದವರು. ಸಂಸ್ಥೆ ಯಾರಿಗಾಗಿ ಹುಟ್ಟುತ್ತಿದೆಯೋ ಅವರ ವಯಸ್ಸಿಗೆ ಹತ್ತಿರವಿರುವವರಾಗಲಿ, ಆ ದಾರಿಯಲ್ಲಿ ನಡೆದು ಬಂದವರಾಗಲಿ ಒಬ್ಬರೂ ಇಲ್ಲ. ಅವರಿಗೆ ಬರೆದ ಉತ್ತರವನ್ನೇ ಇಲ್ಲಿ ತುಸು ವಿಸ್ತರಿಸುತ್ತಿದ್ದೇನೆ.

ಪಟ್ಟಿಯ ಜೊತೆಗಿದ್ದ ಮೊದಲ ವರ್ಷದ ಯೋಜನೆಯಲ್ಲಿ ಸುಗ್ಗಿಯ ಹಬ್ಬ ಪುತ್ತರಿಗೆ ಉಡುಗೊರೆ, ಮಕ್ಕಳ ದಿನಾಚರಣೆಗೆ ಕಾರ್ಯಕ್ರಮ, ಒಂದು ಪ್ರವಾಸ ಇದ್ದವು. ರಕ್ತದ ಕ್ಯಾನ್ಸರ್‌ಗೆ ಒಳಗಾದ ಮಗುವಿನ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಮಡಿಕೇರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಇಂಥ ದೀರ್ಘ ಚಿಕಿತ್ಸೆಗೆ ಹೆಚ್ಚಿನವರು ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ ಹಿಡಿಯಬೇಕು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಜಿಲ್ಲೆಗೆ ರೈಲು ಇಲ್ಲ, ಬಸ್ಸೇ ಗತಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ ನಿಜ, ಆದರೆ ಕಾಫಿ ಕೊಯ್ಲಿನ ಕಾಲದಲ್ಲಿ ತಪ್ಪಿದ ಕೂಲಿಯನ್ನಾಗಲಿ, ಆಸ್ಪತ್ರೆಯ ಪಕ್ಕದ ಕೋಣೆಯ ಬಾಡಿಗೆಯನ್ನಾಗಲಿ, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಅಕ್ಕಪಕ್ಕದವರ ಸುಪರ್ದಿಗೆ ಬಿಟ್ಟುಬಂದ ಚಿಕ್ಕ ಮಗುವಿನ ಊಟವನ್ನಾಗಲಿ ಅದು ನೋಡಿಕೊಳ್ಳುವುದಿಲ್ಲ. ಮಗನನ್ನು ಕರೆದುಕೊಂಡು ಆ ಬಸ್ಸಿನಲ್ಲಿ ಓಡಾಡಿದ ತಾಯಿಯೊಬ್ಬರು ಟ್ರಸ್ಟಿಗಳ ನಡುವೆ ಕುಳಿತಿದ್ದರೆ, ಪ್ರವಾಸದ ಹಣ ಬಸ್ ಚಾರ್ಜಿನ ಲೆಕ್ಕಕ್ಕೆ ಸರಿಯಲು ಐದು ನಿಮಿಷವೂ ಬೇಕಾಗುತ್ತಿರಲಿಲ್ಲ.

ಬುಡಕಟ್ಟು ಜನರ ವಸತಿಗಳಾದ ಹಾಡಿಗಳ ಮಾತಂತೂ ಯೋಜನೆಯಲ್ಲಿ ಬಂದೇ ಇಲ್ಲ. ನಮ್ಮ ಬುಡಕಟ್ಟು ಸಮುದಾಯಗಳಲ್ಲಿ ಕಾಣಿಸುವ ಸಿಕಲ್ ಸೆಲ್ ರಕ್ತಹೀನತೆ ಹುಟ್ಟಿನಿಂದ ಬಂದು ಜೀವನಪರ್ಯಂತ ಉಳಿಯುವ ಕಾಯಿಲೆ. ಚಳಿ, ದೇಹದಲ್ಲಿ ನೀರು ಕಡಿಮೆಯಾಗುವುದು, ಸಣ್ಣ ಸೋಂಕು ಕೂಡ ತೀವ್ರ ನೋವನ್ನು ಎಬ್ಬಿಸಬಲ್ಲವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ನಮ್ಮ ಮಳೆಯಲ್ಲಿ ಆ ಹುಡುಗ ಅಥವಾ ಹುಡುಗಿ ಎಷ್ಟು ದಿನ ಶಾಲೆ ತಪ್ಪಿಸಿಕೊಂಡರು, ಯಾಕೆ ತಪ್ಪಿಸಿಕೊಂಡರು ಎಂದು ಕೇಳುವವರು ಬೇಕು. 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ ಮುಖ್ಯವಾಗಿ ರಕ್ತ ತಪಾಸಣೆಗೆ ಒತ್ತು ಕೊಟ್ಟಿದೆ. ತಪಾಸಣೆಯ ನಂತರದ ವರ್ಷಗಳಲ್ಲಿ ಜೊತೆಗಿರುವುದು ಇಂಥ ಟ್ರಸ್ಟ್ ಮಾಡಬಹುದಾದ ಕೆಲಸ. ಎರವ ಅಥವಾ ಜೇನುಕುರುಬ ಸಮುದಾಯದ ಒಬ್ಬರನ್ನು ಟ್ರಸ್ಟಿಯನ್ನಾಗಿ ಮಾಡದೆ ಇದನ್ನು ಕೈಗೆತ್ತಿಕೊಳ್ಳುವುದು ನನಗಂತೂ ಸರಿಯೆನಿಸುವುದಿಲ್ಲ.

ಸಾವಿನ ವಿಷಯಕ್ಕೆ ಬಂದರೆ ನಾವು ಇನ್ನೂ ಅವಸರದವರು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ, ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬಳಿ ಬೆಟ್ಟ ಕುಸಿದಾಗ, ಅಕ್ಕಿ, ಕಂಬಳಿ, ಹಣ ಹೊಳೆಯಂತೆ ಹರಿದುಬಂದವು, ಸರ್ಕಾರದ ಮನೆಗಳೂ ಎದ್ದವು. ಆದರೆ ಹತ್ತನೆಯ ವಯಸ್ಸಿನಲ್ಲಿ ಅಪ್ಪನನ್ನು ಕಳೆದುಕೊಂಡ ಮಗುವಿನ ದುಃಖ ಆ ವಯಸ್ಸಿಗೇ ಮುಗಿಯುವುದಿಲ್ಲ. ಎಸ್ಎಸ್ಎಲ್‌ಸಿ ಪಾಸಾದ ದಿನ, ಮೊದಲ ಸಂಬಳದ ದಿನ, ಮದುವೆಯ ಮಾತು ಬಂದಾಗ ಅದು ಬೇರೆ ಬೇರೆ ರೂಪದಲ್ಲಿ ಮರಳುತ್ತದೆ. ಬೆಳೆದಂತೆಲ್ಲ ಮಗು ಆ ಸಾವನ್ನು ಹೊಸದಾಗಿ ಅರ್ಥಮಾಡಿಕೊಳ್ಳಬೇಕಾಗುತ್ತದೆ. ಕೋವಿಡ್‌ನಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿಗಾಗಿ ರೂಪಿಸಿದ ಪಿಎಂ ಕೇರ್ಸ್ ಯೋಜನೆ ಕೂಡ 23 ವರ್ಷದವರೆಗೆ ಜೊತೆಗಿರುತ್ತದೆ. ನಮ್ಮ ಉದ್ದೇಶಿತ ಟ್ರಸ್ಟ್ ಮಾತ್ರ 18ಕ್ಕೆ ಬಾಗಿಲು ಹಾಕುತ್ತದೆಯಂತೆ. 2018ರಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದ ಆ ಮಕ್ಕಳಲ್ಲಿ ಹಲವರು ಈಗ ಕಾಲೇಜು ಮೆಟ್ಟಿಲು ಹತ್ತಿರುವಾಗ ಈ ಗಡಿಯನ್ನು ಯಾವ ಆಧಾರದ ಮೇಲೆ ಗೊತ್ತುಮಾಡಿದರೋ.

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1982ರಲ್ಲಿ ಬೆವರ್ಲಿ ಚಾಪೆಲ್ ಎಂಬ ನರ್ಸ್ ಆರಂಭಿಸಿದ, ಮನೆಯವರನ್ನು ಕಳೆದುಕೊಂಡ ಮಕ್ಕಳಿಗೆ ಆಸರೆಯಾಗುವ ಡಗಿ ಸೆಂಟರ್‌ಗೆ, ಮಿದುಳಿನ ಗೆಡ್ಡೆಯಿಂದ 13ನೆಯ ವಯಸ್ಸಿನಲ್ಲಿ ತೀರಿಕೊಂಡ ಹುಡುಗನ ಹೆಸರಿದೆ. ಕಾಯಿಲೆಯ ಮಕ್ಕಳು ತಮ್ಮತಮ್ಮಲ್ಲೇ ಸಾವಿನ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತಾಡಬಲ್ಲರು ಎಂಬುದನ್ನು ಚಾಪೆಲ್ ಕಂಡದ್ದು ಆ ಹುಡುಗನಲ್ಲಿ. ಅಷ್ಟು ದೂರ ಯಾಕೆ, ಮಾಕುಟ್ಟ ದಾಟಿ ಕೇರಳಕ್ಕೆ ಇಳಿದರೆ, 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಶುರುವಾದ, ಗಂಭೀರ ಕಾಯಿಲೆಯವರ ನೋವು ತಗ್ಗಿಸುವ ಉಪಶಮನ ಆರೈಕೆಯ ಚಳವಳಿ ಊರಿನ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಅವರ ಕೈಗೇ ಹೊಣೆ ವಹಿಸಿ ಬೆಳೆದದ್ದು ಕಾಣುತ್ತದೆ. ವೈದ್ಯರು ಅಲ್ಲಿಯೂ ಇದ್ದಾರೆ, ಆದರೆ ತೀರ್ಮಾನ ಅವರೊಬ್ಬರದಲ್ಲ.

ಕಾನೂನಿನ ಮಾತನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಇಂಗ್ಲೆಂಡ್‌ನಲ್ಲಿ ಕಂಪನಿ ರೂಪದ ದತ್ತಿ ಸಂಸ್ಥೆಗೆ 16 ವರ್ಷದವರೂ ಟ್ರಸ್ಟಿಗಳಾಗಬಹುದು. ನಮ್ಮಲ್ಲಿ ಅಪ್ರಾಪ್ತರಿಗೆ ಆ ಹೊಣೆ ಹೊರಿಸಲಾಗದು, ಆದರೆ 20ರ ಆಸುಪಾಸಿನವರನ್ನು ನೇಮಿಸಲು ಅಡ್ಡಿಯಿಲ್ಲ. ಟ್ರಸ್ಟ್ ಡೀಡ್‌ನಲ್ಲಿ, ಅಂದರೆ ಸ್ಥಾಪನಾ ಪತ್ರದಲ್ಲಿ, ಅವಧಿ ನಮೂದಿಸದಿದ್ದರೆ ಮೊದಲು ಕುಳಿತವರು ಆಜೀವ ಟ್ರಸ್ಟಿಗಳಾಗಿ ಉಳಿದುಬಿಡುವುದೇ ಹೆಚ್ಚು, ಆಮೇಲೆ ಎಬ್ಬಿಸುವ ಧೈರ್ಯ ಯಾರಿಗೂ ಇರುವುದಿಲ್ಲ. ಆದ್ದರಿಂದ ಮೂರು ವರ್ಷದ ಅವಧಿ, ಹೆಚ್ಚೆಂದರೆ ಎರಡು ಬಾರಿ ಎಂದು ಮೊದಲೇ ಬರೆಯಿರಿ ಎಂದೆ. ಮಕ್ಕಳೊಡನೆ ಓಡಾಡುವ ಸ್ವಯಂಸೇವಕರ ಹಿನ್ನೆಲೆ ವಿಚಾರಿಸುವ, ಲೈಂಗಿಕ ದೌರ್ಜನ್ಯದ ದೂರು ಬಂದರೆ ಮಕ್ಕಳ ರಕ್ಷಣೆಯ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವ ಹೊಣೆಯನ್ನು ಒಬ್ಬ ಟ್ರಸ್ಟಿಯ ಹೆಸರಿಗೇ ಬರೆಯಬೇಕೆಂದೂ ಸೇರಿಸಿದೆ. ಎಲ್ಲರ ಹೊಣೆ ಎಂದರೆ ಅದು ಯಾರದೂ ಅಲ್ಲ.

ಇನ್ನು ಫೋಟೊ. ಮಾರುದ್ದದ ಚೆಕ್ಕಿನ ಪಕ್ಕದಲ್ಲಿ ಕೂದಲು ಉದುರಿದ ಹದಿನೈದರ ಹುಡುಗಿಯನ್ನು ನಿಲ್ಲಿಸಿ, ಆ ಚಿತ್ರವನ್ನು ಇಡೀ ಜಿಲ್ಲೆಯ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚುವ ಪದ್ಧತಿಯನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವಳೇ ನಾಳೆ ಅದೇ ಊರಿನ ಕಾಲೇಜಿಗೆ ಹೋಗಬೇಕು. ದಾನಿಗಳಿಗೆ ಚಿತ್ರ ಬೇಕಾಗುತ್ತದೆ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್ಆರ್) ವರದಿಗೂ ಬೇಕಾಗುತ್ತದೆ. ಬೇಡ ಎನ್ನಬೇಕಾದವರು ಟ್ರಸ್ಟಿಗಳು, ದೇಣಿಗೆ ಕೈತಪ್ಪಿದರೂ ಸರಿ. ನಿವೃತ್ತ ಕರ್ನಲ್ ಅವರಂಥವರ ದನಿ ನಿಜವಾಗಿ ಬೇಕಾಗುವುದು ಇಲ್ಲಿಯೇ, ಏಕೆಂದರೆ ಅವರು ಬೇಡವೆಂದರೆ ಎದುರು ಮಾತಾಡುವವರು ಕಡಿಮೆ.

ಪರಿಚಿತರು ಉತ್ತರಿಸಿದ್ದಾರೆ. ಚಿಕಿತ್ಸೆ ಮುಗಿಸಿ ಈಗ ಉದ್ಯೋಗದಲ್ಲಿರುವ ಯುವತಿಯೊಬ್ಬಳನ್ನೂ, ತೋಟದಲ್ಲಿ ದುಡಿಯುವ ತಾಯಿಯೊಬ್ಬರನ್ನೂ ಸೇರಿಸಿಕೊಳ್ಳಲು ಒಪ್ಪಿದ್ದಾರೆ. ಅವಧಿಯ ಷರತ್ತಿಗೆ ಹಿರಿಯರ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಸಭೆಗಳನ್ನು ಕ್ಲಬ್ಬಿನಲ್ಲಿ ಸಂಜೆ ಏಳಕ್ಕೆ ನಡೆಸುವ ಯೋಚನೆಯಿದೆಯಂತೆ. ಆ ತಾಯಿ ಯಾವ ಬಸ್ಸಿನಲ್ಲಿ ಮನೆಗೆ ಮರಳಬೇಕು ಎಂದು ನಿನ್ನೆ ಮತ್ತೆ ಬರೆದು ಕೇಳಿದ್ದೇನೆ.