ಪಗಾರ ಮುಂದಕ್ಕೆ, ಪ್ರೇರಣೆ ಇವತ್ತೇ

ವ್ಯಾಪಾರ ಬಿದ್ದಾಗ ಮಾಲೀಕರಿಗೆ ಮೊದಲು ನೆನಪಾಗುವುದು ನೌಕರರ ಮನೋಬಲ. ಆರ್ಡರ್ ಜೋರಾಗಿದ್ದಾಗ ಅದು ಎಲ್ಲಿತ್ತೋ, ಯಾರೂ ವಿಚಾರಿಸಿರಲಿಲ್ಲ. ಈಗ ಹುಬ್ಬಳ್ಳಿಯ ಗೋಕುಲ ರಸ್ತೆಯಿಂದ ತಾರಿಹಾಳದವರೆಗೆ ಯಾವ ಶೆಡ್ಡಿನ ಗೋಡೆಗಾದರೂ 'ನಾವೆಲ್ಲ ಒಂದೇ ಕುಟುಂಬ' ಅನ್ನೋ ಫ್ಲೆಕ್ಸ್ ಬಿತ್ತು ಅಂದರೆ ಸಾಕು, ಈ ತಿಂಗಳು ಓವರ್‌ಟೈಮ್ ಇಲ್ಲ ಅಂತ ವೆಲ್ಡರ್‌ಗೂ ಗೊತ್ತಾಗುತ್ತದೆ.

ಆಮೇಲೆ ನೌಕರರಿಗೆ ಪ್ರೇರಣೆ ತುಂಬುವ ಭಾಷಣಕಾರರು. ಬೆಂಗಳೂರಿನಿಂದ ವಂದೇ ಭಾರತ್ ಹತ್ತಿ ಬರುತ್ತಾರೆ. ಹೋಟೆಲ್ ರೂಮು, ಶಾಲು, ಹಾರ, ಹೋಗುವಾಗ ಎರಡು ಡಬ್ಬಿ ಪೇಡಾ, ಎಲ್ಲದಕ್ಕೂ ದುಡ್ಡು ಕೊಡುವುದು ಖರ್ಚು ಉಳಿಸಬೇಕು ಅಂತ ಮಧ್ಯಾಹ್ನದ ಚಹಾ ನಿಲ್ಲಿಸಿದ ಅದೇ ಕಂಪನಿ! ಹಾಗೆ ಬಂದವರೊಬ್ಬರು ನೌಕರರಿಗೆ ಪಕ್ಕದವರನ್ನು ಅಪ್ಪಿಕೊಳ್ಳಿ ಅಂದರು. ಅಪ್ಪಿಕೊಂಡರು. ಕಣ್ಣು ಮುಚ್ಚಿ ಐದು ವರ್ಷದ ನಂತರದ ನಿಮ್ಮನ್ನು ನೋಡಿ ಅಂದರು. ಬೈಕಿನ ಕಂತು ಕಂಡಿತು. ಕೊನೆಗೆ ಪ್ರಶ್ನೆ ಕೇಳಿ ಅಂದಾಗ ಹೆಲ್ಪರ್ ಹುಡುಗನೊಬ್ಬ ಎದ್ದು ನಿಂತ.

"ಸರ, ಪಗಾರ ಯಾವಾಗ ಆಗ್ತೈತ್ರಿ?"

"ವೆರಿ ಗುಡ್ ಕ್ವೆಶ್ಚನ್! ಇವರಿಗೊಂದು ಜೋರು ಚಪ್ಪಾಳೆ!"

ಎಲ್ಲರೂ ತಟ್ಟಿದರು, ಮಾಲೀಕರೂ ತಟ್ಟಿದರು.

ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ, ದೊಡ್ಡ ಕಾರ್ಖಾನೆಯಾದರೆ 10ರೊಳಗೆ ಕೊಡಬೇಕು ಅಂತ ಬ್ರಿಟಿಷರು 1936ರಲ್ಲೇ ಕಾನೂನು ಮಾಡಿದ್ದರು. ಪಾಪ, ಅವರಿಗೆ ಮೋಟಿವೇಶನ್ ಗೊತ್ತಿರಲಿಲ್ಲ. ನಮ್ಮ ಮಾಲೀಕರು ಪಿಎಫ್‌ಗೆ ಅಂತ ಪಗಾರದಲ್ಲಿ ಶೇ. 12 ಮುರಿದುಕೊಳ್ಳುವುದನ್ನು ಎಂಥ ಕಷ್ಟದಲ್ಲೂ ಮರೆಯುವುದಿಲ್ಲ, 15ನೇ ತಾರೀಕಿನೊಳಗೆ ಕಟ್ಟುವುದು ಮಾತ್ರ ಯಾಕೋ ಮರೆತುಹೋಗುತ್ತದೆ.

ತಮಾಷೆ ಏನು ಅಂದರೆ, ನಷ್ಟದ ವಿಷಯ ನೌಕರರಿಂದ ಮುಚ್ಚಿಡಬೇಕಂತೆ, ಹೆದರುತ್ತಾರಂತೆ. ಅಲ್ರೀ, ಲಾರಿ ಎಷ್ಟು ದಿನದಿಂದ ಬಂದಿಲ್ಲ ಅಂತ ವಾಚ್‌ಮನ್‌ಗೆ ಗೊತ್ತು. ಗೋದಾಮು ತುಂಬಿರುವುದು ಕಸ ಗುಡಿಸುವ ಅಕ್ಕನಿಗೆ ಗೊತ್ತು. ಸಂಜೆ ಗಿರ್ಮಿಟ್ ಗಾಡಿ ಮುಂದೆ ಪೂರ್ತಿ ಲೆಕ್ಕಪತ್ರ ಮಂಡನೆ ಆಗುತ್ತದೆ, ಅದೂ ಆಡಿಟರ್‌ಗಿಂತ ಮೊದಲೇ. ಗೊತ್ತಿಲ್ಲದಂತೆ ಇರುವವರು ವೇದಿಕೆ ಮೇಲಿದ್ದವರಷ್ಟೇ. ಮೂರು ತಿಂಗಳು ಕಷ್ಟ ಇದೆ, ನನ್ನ ಕಾರಿನ ಖರ್ಚೂ ಕಡಿತ, ನಿಮ್ಮ ಪಗಾರ ಇಂಥ ದಿನ ಅಂತ ಹೇಳುವುದಕ್ಕೆ ಮೈಕೂ ಬೇಡ.

2024ರ ಮಾರ್ಚ್‌ನಲ್ಲಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೈತರು ಎಪಿಎಂಸಿ ಕಚೇರಿಗೇ ಬೆಂಕಿ ಹಚ್ಚಿದ್ದರು. ಆ ದಿನ ಅಲ್ಲಿ ಒಬ್ಬರು ಮೈಕ್ ಹಿಡಿದು 'ಪಾಸಿಟಿವ್ ಆಗಿ ಯೋಚಿಸಿ, ಪಕ್ಕದವರನ್ನು ಅಪ್ಪಿಕೊಳ್ಳಿ' ಅನ್ನಬೇಕಿತ್ತು, ನೋಡಬಹುದಿತ್ತು.

ಕಾರ್ಯಕ್ರಮದ ಕೊನೆಗೆ 'ತಿಂಗಳ ಅತ್ಯುತ್ತಮ ನೌಕರ' ಪ್ರಶಸ್ತಿ ಕೊಟ್ಟರು. ದುಡ್ಡಿಲ್ಲ, ಪ್ರಮಾಣಪತ್ರ. ಪಡೆದವನು ಅದನ್ನು ಲ್ಯಾಮಿನೇಟ್ ಮಾಡಿಸಿ, ಬಯೋಡೇಟಾಗೆ ಸಿಕ್ಕಿಸಿ, ಸೋಮವಾರವೇ ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾಕ್ಕೆ ಬಸ್ ಹತ್ತಿದ.