ಬೋಗುಣಿ ತುಂಬ ಕೋಸಂಬರಿ

"ರಾತ್ರಿ ಹೊತ್ತು ಸಲಾಡ್ ತಿನ್ನಿ" ಅಂದರು ಡಾಕ್ಟರು. ಸಕ್ಕರೆ ಸ್ವಲ್ಪ ಏರಿದೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ, ಅನ್ನ ಕಮ್ಮಿ ಮಾಡಿ ಅಂತೆಲ್ಲ ಹೇಳಿದ ಮೇಲೆ ಸಮಾಧಾನಕ್ಕೆಂಬಂತೆ ಬಂದ ಮಾತು ಅದು. ಮನೆಗೆ ಬಂದು ವರದಿ ಒಪ್ಪಿಸಿದೆ. ನನ್ನಾಕೆ ಏನೂ ಮಾತಾಡದೆ ತುರಿಯುವ ಮಣೆ ತಂದು ನನ್ನ ಮುಂದಿಟ್ಟಳು. ತಿನ್ನುವವರೇ ಮಾಡಿಕೊಳ್ಳಬೇಕು ಅನ್ನುವುದು ಆ ಮೌನದ ಅರ್ಥ.

ನನಗೆ ಗೊತ್ತಿದ್ದ ಸಲಾಡ್ ಹೋಟೆಲಿನದು. ಉದ್ದನೆಯ ಪಿಂಗಾಣಿ ತಟ್ಟೆಯ ಸುತ್ತ ಸೌತೆಕಾಯಿ ಬಿಲ್ಲೆ, ಒಳಗಿನ ಸುತ್ತಿಗೆ ಟೊಮೆಟೊ, ನಡುವೆ ಈರುಳ್ಳಿ ಬಳೆ, ಮೇಲೊಂದು ನಿಂಬೆಹೋಳು. ರಂಗೋಲಿಯಂತೆ ಚೆಂದ, ಹಾಗಾಗಿಯೇ ಏನೋ ಯಾರೂ ಅದನ್ನು ಮುಟ್ಟುವುದಿಲ್ಲ. ಬಿಲ್ಲು ಬರುವ ಹೊತ್ತಿಗೆ ಅಂಚಿನ ಸೌತೆಕಾಯಿ ಬಾಡಿ ಮೇಲೆದ್ದು ನಮ್ಮ ಮುಖ ನೋಡುತ್ತಿರುತ್ತದೆ. ಇದನ್ನು ತಿಂದು ಮಲಗಿದರೆ ನಡುರಾತ್ರಿ ಅಡುಗೆಮನೆಯ ಡಬ್ಬಗಳು ಹೆಸರು ಹಿಡಿದು ಕರೆಯುತ್ತವೆ. ಎರಡು ರಾತ್ರಿ ಕರೆದವು, ಎರಡು ರಾತ್ರಿಯೂ ಎದ್ದು ಹೋದೆ.

ಮೂರನೆಯ ದಿನ ಕೋಸಂಬರಿ ನೆನಪಾಯಿತು. ಇಷ್ಟು ದಿನ ಯಾಕೆ ನೆನಪಾಗಲಿಲ್ಲ ಎಂದರೆ, ಕೋಸಂಬರಿಯನ್ನು ನಾವು ಊಟವೆಂದು ಎಣಿಸಿಯೇ ಇಲ್ಲ. ಮದುವೆ ಮನೆಯ ಎಲೆಯಲ್ಲಿ ಅದರ ಪಾಡು ನೋಡಿ. ಮೇಲಿನ ಸಾಲಿನಲ್ಲಿ, ಉಪ್ಪು ಉಪ್ಪಿನಕಾಯಿಗಳ ನೆರೆಯಲ್ಲಿ, ಎರಡು ಬೆರಳಿನಷ್ಟು ಜಾಗ. ಬಡಿಸುವವನು ಒಂದೇ ಒಂದು ಸಲ ಬರುತ್ತಾನೆ, ಅದೂ ಓಡುತ್ತ. ಸಾರಿಗೆ ಎರಡನೇ ಸಲ ಬರುತ್ತಾರೆ, ಹಪ್ಪಳಕ್ಕೆ ಬರುತ್ತಾರೆ, ಬೇಡ ಬೇಡ ಅಂದರೂ ಲಾಡು ಹಾಕಿಯೇ ಹೋಗುತ್ತಾರೆ. ಕೋಸಂಬರಿಯ ಪಾತ್ರೆ ಮಾತ್ರ ಪಂಕ್ತಿಯ ಆ ತುದಿ ದಾಟಿತೆಂದರೆ ಮತ್ತೆ ಈ ಕಡೆ ತಿರುಗುವುದಿಲ್ಲ. ಹುಡುಗನಾಗಿದ್ದಾಗಿನಿಂದ ನನಗೆ ಇದೊಂದು ಕೊರಗು. ರಾಮನವಮಿಯಲ್ಲಿ ಪಾನಕದ ಜೊತೆ ದೊನ್ನೆಯಲ್ಲಿ ಕೊಡುವಾಗ ಎರಡು ಪೆಂಡಾಲುಗಳ ಸಾಲಿನಲ್ಲಿ ನಿಂತು ಆ ಕೊರಗು ತೀರಿಸಿಕೊಳ್ಳುತ್ತಿದ್ದೆ. ಈಗ ಡಾಕ್ಟರ ಚೀಟಿಯೇ ಕೈಯಲ್ಲಿದೆ, ಬೋಗುಣಿ ತುಂಬ ತಿಂದರೆ ಕೇಳುವವರಾರು?

ಹೆಸರುಬೇಳೆ ನೆನೆಹಾಕಿದೆ. ಅದಕ್ಕೆ ಅರ್ಧ ಗಂಟೆ ಮುಕ್ಕಾಲು ಗಂಟೆ ಸಾಕು. ಜಾಸ್ತಿ ಬಿಟ್ಟರೆ ಲೋಳೆ ಲೋಳೆ. ಕಡಲೆಬೇಳೆ ಮೊಂಡು, ಎರಡು ಮೂರು ಗಂಟೆ ಕೇಳುತ್ತದೆ. ಎಳೆ ಸೌತೆಕಾಯಿ ಹೆಚ್ಚಿ, ಕ್ಯಾರೆಟ್ ತುರಿದು, ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕಿ, ಧಾರಾಳವಾಗಿ ಉಪ್ಪು ಬೆರೆಸಿ, ಮುಚ್ಚಿಟ್ಟು ವಾಕಿಂಗ್ ಹೋದೆ. ಬಂದು ಮುಚ್ಚಳ ತೆಗೆದರೆ ಕೋಸಂಬರಿ ಈಜುತ್ತಿತ್ತು. ಸೌತೆಕಾಯಿಯ ನೂರರಲ್ಲಿ 95 ಪಾಲು ನೀರೇ ಅಂತೆ, ಉಪ್ಪು ಕಂಡರೆ ಅಷ್ಟನ್ನೂ ಹೊರಗೆ ಹಾಕಿಬಿಡುತ್ತದೆ. ಎಲೆಗೆ ಬಡಿಸುವ ಹೊತ್ತಿಗೆ ಉಪ್ಪು ಹಾಕಬೇಕು ಅನ್ನುವುದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತಿದ್ದ ವಿಷಯ. ಯಾರೂ ನನಗೆ ಹೇಳಿರಲಿಲ್ಲ. "ನೀವು ಕೇಳಲಿಲ್ಲ" ಅಂದಳು.

ಕಲಿತೆ. ಕಲಿಯುವುದಕ್ಕೆ ಕಾಲವೂ ಕೂಡಿಬಂತು. ಆಶ್ವಯುಜದಲ್ಲಿ ಮಳೆ ಹಿಂದೆ ಸರಿದ ಮೇಲೆ ಗಾಡಿಯವನ ತರಕಾರಿಗೆ ಬೇರೆಯದೇ ಕಳೆ ಬರುತ್ತದೆ. ಮಳೆಗಾಲದ ಸೊಪ್ಪಿನಲ್ಲಿ ಅರ್ಧ ಕೆಸರು, ಬೇಸಿಗೆಯದರಲ್ಲಿ ಅರ್ಧ ನಾರು. ಈ ನಡುವಿನ ದಿನಗಳಲ್ಲಿ ಮೂಲಂಗಿ ಉಗುರು ತಾಗಿದರೆ ಟಪ್ಪನೆ ಮುರಿಯುತ್ತದೆ. ನವಿಲುಕೋಸು ಹಸಿಯಾಗಿ ತಿಂದರೂ ಸಿಹಿ. ಮೂಲಂಗಿಗೆ ಮಾತ್ರ ಸೌತೆಕಾಯಿಯ ಶಾಸ್ತ್ರ ತಿರುಗುಮುರುಗು. ಅದನ್ನು ಮೊದಲೇ ಉಪ್ಪಲ್ಲಿ ಕಲಸಿಟ್ಟು, ಹಿಂಡಿ ಹಾಕಿದರೆ ಘಾಟು ಇಳಿಯುತ್ತದೆ. ಮೇಲೆ ಇಂಗು, ಸಾಸಿವೆ, ಮುರಿದ ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ. ಡಬ್ಬಗಳು ಕರೆಯುವುದನ್ನು ನಿಲ್ಲಿಸಿದವು. ನಿಲ್ಲಿಸದೆ ಏನು, ನೂರು ಗ್ರಾಂ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ ಪ್ರೋಟೀನು. ಅದು ಹೊಟ್ಟೆಯೊಳಗೆ ಕೂತು ಕಾವಲು ಕಾಯುತ್ತದೆ.

ಅಷ್ಟರಲ್ಲಿ ಸೋದರತ್ತೆ ಬಂದರು, ಹದಿನೈದು ದಿನ ಇರಲಿಕ್ಕೆ. ನನ್ನ ಬೋಗುಣಿ ನೋಡಿ, "ಕೋಸಂಬರೀನ ಬೋಗುಣೀಲಿ ತಿಂತಾರೇನೋ? ಹಸುವಿಗೆ ಬಾನಿ ಇಟ್ಟ ಹಾಗಿದೆ" ಅಂದರು. ಇರಲಿ, ನಿಮಗೂ ಹಾಕಲೇ ಅಂದರೆ, "ದ್ವಿದಳ ಕಣೋ" ಅಂದರು. ಅತ್ತೆಯದು ನಾಲ್ಕು ತಿಂಗಳ ಚಾತುರ್ಮಾಸ್ಯ ವ್ರತ. ಮೊದಲ ತಿಂಗಳು ತರಕಾರಿ ಬಿಡಬೇಕು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು. ಆಶ್ವಯುಜದ ಏಕಾದಶಿಯಿಂದ ಕಾರ್ತಿಕದ ಏಕಾದಶಿವರೆಗೆ ದ್ವಿದಳವ್ರತ. ಎರಡು ಹೋಳಾಗುವ ಯಾವ ಬೇಳೆಕಾಳೂ ಇಲ್ಲ. ಭೂಮಿಯ ಮೇಲೆ ತರಕಾರಿ ಇಷ್ಟು ಚೆನ್ನಾಗಿರುವ ತಿಂಗಳಲ್ಲೇ ಕೋಸಂಬರಿಗೆ ಬೇಳೆ ಇಲ್ಲ!

ಬೇಳೆ ಬಿಟ್ಟು ಮಾಡುತ್ತೇನೆ ಅಂತ ಹಟಕ್ಕೆ ಬಿದ್ದೆ. ಸೌತೆಕಾಯಿ ಎತ್ತಿದೆ. "ಬಹುಬೀಜ" ಅಂದರು. ಹೊಟ್ಟೆಯಲ್ಲಿ ಬೀಜ ತುಂಬಿದ ಕಾಯಿಯೂ ಆಗದಂತೆ. ಟೊಮೆಟೊ? ಅದೂ ಬಹುಬೀಜ. ಕ್ಯಾರೆಟ್, ಮೂಲಂಗಿ, ಕೋಸು? "ಅವನ್ನ ನಾನು ಯಾವತ್ತೂ ತಿನ್ನಲ್ಲ, ಗೊತ್ತಿಲ್ವೇ?" ಮೆಣಸಿನಕಾಯಿಯ ಹೊಟ್ಟೆ ತುಂಬ ಬೀಜ. ಸಾಸಿವೆಯೂ ಎರಡು ಹೋಳಾಗುತ್ತದಂತೆ. ಪಟ್ಟಿ ಮನೆಯಿಂದ ಮನೆಗೆ ಬೇರೆ ಇರುತ್ತದೆ, ನಮ್ಮತ್ತೆಯದು ಎಲ್ಲರದಕ್ಕಿಂತ ಉದ್ದ. ಕೊನೆಗೆ ನನ್ನ ಮುಂದೆ ಉಳಿದದ್ದು ತೆಂಗಿನಕಾಯಿ ಮತ್ತು ತುರಿಯುವ ಮಣೆ.

"ಏಳು ಅತ್ತ" ಅಂತ ಅತ್ತೆಯೇ ಕೂತರು. ಗೆಣಸನ್ನೂ ಸುವರ್ಣಗೆಡ್ಡೆಯನ್ನೂ ಬೇಯಿಸಿ ಹೋಳು ಮಾಡಿದರು. ಆಗತಾನೆ ಬರತೊಡಗಿದ್ದ ಬೆಟ್ಟದ ನೆಲ್ಲಿಕಾಯಿ ತುರಿದು ಹಾಕಿದರು, ಹುಳಿಗೆ ಹುಳಿ ಒಗರಿಗೆ ಒಗರು. ಕುಟ್ಟಿದ ಕರಿಮೆಣಸು, ಕೈತುಂಬ ಕಾಯಿತುರಿ, ತುಪ್ಪದಲ್ಲಿ ಜೀರಿಗೆ ಒಗ್ಗರಣೆ. ಬಿಸಿ ಆರುವ ಮುಂಚೆ ತಿಂದೆವು. ಇದಕ್ಕೆ ಹೆಸರೇನು ಅಂತ ಕೇಳಿದೆ. "ಹೆಸರೇನು ಬಂತು, ವ್ರತದ್ದು" ಅಂದರು. ಮಗಳು ಫೋನಿನಲ್ಲಿ ಫೋಟೋ ತೆಗೆದುಕೊಂಡಳು. ಇಂಥದ್ದಕ್ಕೆ ನಗರದ ಕೆಫೆಗಳಲ್ಲಿ ನಾನೂರು ರೂಪಾಯಿಯಂತೆ. ಆ ಮಾತು ಕೇಳಿ ಅತ್ತೆಗೆ ಬಂದ ನಗು ಅರ್ಧ ಗಂಟೆ ನಿಲ್ಲಲಿಲ್ಲ.

ಇದರ ನಡುವೆ ಆಯುರ್ವೇದ ಓದುವ ನನ್ನ ಭಾಮೈದ ಬಂದು, ಶರದೃತುವಿನಲ್ಲಿ ಮೊಸರು ಒಳ್ಳೆಯದಲ್ಲ, ಚರಕಸಂಹಿತೆಯಲ್ಲೇ ಇದೆ ಎಂದು ನನ್ನ ಮೊಸರುಬಜ್ಜಿಗೂ ಕಲ್ಲು ಹಾಕಿ ಹೋದ. ಹೋಗುವ ಮುಂಚೆ ಎರಡು ಬಟ್ಟಲು ತಿಂದೇ ಹೋದ.

ಈ ಕಷ್ಟವನ್ನೆಲ್ಲ ಆಫೀಸಿನಲ್ಲಿ ಹೇಳಿಕೊಂಡರೆ ಧಾರವಾಡದ ಗೆಳೆಯ ನಕ್ಕ. "ಸಲಾಡ್ ಅಂತ ಅದಕ್ಕೊಂದು ಬ್ಯಾರೆ ಹೆಸರು ಯಾಕ್ರೀ? ರೊಟ್ಟಿ ಜೋಡಿ ತಪ್ಪಲಾ ತಿನ್ನೂದು, ಅಷ್ಟ." ತಪ್ಪಲಾ ಅಂದರೆ ಅವರ ಕಡೆ ಸೊಪ್ಪು. ಒಂದು ದಿನ ಊಟದ ಡಬ್ಬಿ ಬಿಚ್ಚಿ ತೋರಿಸಿದ. ಜೋಳದ ರೊಟ್ಟಿ, ಹಸಿ ಮೆಂತ್ಯದ ಎಳೆ ಸೊಪ್ಪು, ಉಳ್ಳಾಗಡ್ಡಿ ತಪ್ಪಲು, ಹಕ್ಕರಕಿ, ಸವತಿಕಾಯಿ, ಗಜ್ಜರಿ, ಪಕ್ಕದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ನಮ್ಮ ಚಟ್ನಿಪುಡಿ. ಸೊಪ್ಪನ್ನು ಹೆಚ್ಚುವುದಿಲ್ಲ, ಒಗ್ಗರಣೆ ಇಲ್ಲ. ರೊಟ್ಟಿ ಮುರಿದು, ಹಿಂಡಿಗೆ ಎಣ್ಣೆ ಹನಿಸಿ, ಒಂದು ಕೈಯಲ್ಲಿ ತಪ್ಪಲು ಹಿಡಿದು ಕಚ್ಚುವುದು. ಮೆಂತ್ಯದ ಕಹಿ, ಶೇಂಗಾದ ಜಿಡ್ಡು, ರೊಟ್ಟಿಯ ಗರಿಗರಿ. ನಾನು ಒಂದು ತಿಂಗಳಿಂದ ಬೋಗುಣಿಯಲ್ಲಿ ಹುಡುಕುತ್ತಿದ್ದದ್ದು ಇವರ ಬುತ್ತಿಯಲ್ಲಿ ಎಂದಿನಿಂದಲೋ ಇತ್ತು. ಸ್ವಲ್ಪ ಹೊಟ್ಟೆಕಿಚ್ಚಾಯಿತು, ಸುಳ್ಳು ಹೇಳಲಾರೆ.

ಉತ್ಥಾನ ದ್ವಾದಶಿಯ ಬೆಳಗ್ಗೆ ಅತ್ತೆಯ ಪಾರಣೆ. ಹಿಂದಿನ ದಿನ ಏಕಾದಶಿಯ ನಿರಾಹಾರ, ಅದಕ್ಕೂ ಮುಂಚೆ ಒಂದು ತಿಂಗಳು ಬೇಳೆಯ ಮುಖ ಕಂಡಿಲ್ಲ. ನಾನು ಮಡಿಯುಟ್ಟು ಹೆಸರುಬೇಳೆ ಕೋಸಂಬರಿ ಮಾಡಿದ್ದೆ, ನೆಲ್ಲಿಕಾಯಿ ತುರಿ ಹಾಕಿ. ಮರ್ಯಾದೆಯಿಂದ ಎಲೆಯ ತುದಿಗೆ ಎರಡು ಬೆರಳಿನಷ್ಟು ಬಡಿಸಿ ಮುಂದೆ ಹೊರಟೆ. "ಅಲ್ಲೇ ನಿಲ್ಲು" ಅಂದರು ಅತ್ತೆ. ನಿಂತೆ. ಇನ್ನೊಂದು ಸೌಟು ಹಾಕಿದೆ. ಕೈ ಅಡ್ಡ ಬರಲಿಲ್ಲ. ಮತ್ತೊಂದು ಹಾಕಿದೆ. "ಆ ಪಾತ್ರೆ ಇಲ್ಲೇ ಇಟ್ಟು ಹೋಗು."

ಅತ್ತೆ ಊರಿಗೆ ಹೋದ ಮೇಲೆ ಕಾರ್ತಿಕದ ಕೊನೆಯ ಸೋಮವಾರ ಬಂತು, ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಹೊಸ ಹಸಿ ಕಡಲೆಕಾಯಿ ತಂದು ಉಪ್ಪುನೀರಲ್ಲಿ ಬೇಯಿಸಿ, ಸುಲಿದು, ಈರುಳ್ಳಿ ನಿಂಬೆರಸದ ಜೊತೆ ಬೋಗುಣಿಗೆ ಸೇರಿಸಿದೆ. ಇದು ಬಹಳ ಚೆನ್ನಾಗಿರುತ್ತದೆ, ಒಂದೇ ತೊಂದರೆ ಎಂದರೆ ಸುಲಿಯುವಾಗಲೇ ಮುಕ್ಕಾಲು ಪಾಲು ಮುಗಿದಿರುತ್ತದೆ.

ಆಮೇಲೆ ಚಳಿ ಬಿತ್ತು, ಅವರೆ ಬಂತು. ಮಂಜು ಬಿದ್ದಷ್ಟೂ ಅವರೆಗೆ ಸೊಗಡು ಅನ್ನುತ್ತಾರೆ. ಕಾಯಿ ಸುಲಿದ ಬೆರಳಿಗೆ ಎಣ್ಣೆ ಎಣ್ಣೆ ಅಂಟು, ಸಂಜೆವರೆಗೂ ಅದೇ ವಾಸನೆ, ಬಸ್ಸಿನಲ್ಲಿ ಪಕ್ಕದವರು ತಿರುಗಿ ನೋಡುವಷ್ಟು. ಹಿದುಕಿದ ಬೇಳೆ ಬೇಯಿಸಿ, ನವಿಲುಕೋಸಿನ ತುರಿ, ಕಾಯಿ, ಸಬ್ಬಸಿಗೆ ಸೊಪ್ಪಿನ ಜೊತೆ ಕಲಸುವುದೆಂದು ತೀರ್ಮಾನವಾಯಿತು. ಎರಡು ಕೆಜಿ ಕಾಯಿ, ಅದರಲ್ಲಿ ಒಂದು ಸಣ್ಣ ಪಾತ್ರೆ ಕಾಳು, ರಾತ್ರಿಯಿಡೀ ನೆನೆದು ಸಿಪ್ಪೆ ಸಡಿಲಾಗಿತ್ತು. ಭಾನುವಾರ ಬೆಳಗ್ಗೆ ಪೇಪರ್ ಹಾಸಿ ಮೂವರೂ ಕೂತೆವು. ಹೆಬ್ಬೆರಳು ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಪುಳಕ್ಕನೆ ಹೊರಗೆ ಬೀಳಬೇಕು, ಪಾತ್ರೆಯೊಳಗೆ. ನನ್ನವು ಪಾತ್ರೆ ಬಿಟ್ಟು ಎಲ್ಲ ಕಡೆ ಬಿದ್ದವು. ಮಗಳು ಕನ್ನಡಕ ಹಾಕಿಕೊಂಡು ಕೂತಳು.

ಹಿದುಕುವುದಕ್ಕೆ ಒಂದೂವರೆ ಗಂಟೆ, ತಿನ್ನುವುದಕ್ಕೆ ಆರು ನಿಮಿಷ. ಮರುದಿನ ಕಸ ಗುಡಿಸುವಾಗ ಸೋಫಾದ ಕೆಳಗಿನಿಂದ ಹನ್ನೊಂದು ಬೇಳೆ ಹೊರಬಂದವು. ನನ್ನಾಕೆ ಅವನ್ನು ಎಣಿಸಿ, ಒಂದು ಬಟ್ಟಲಿಗೆ ಹಾಕಿ, ನನ್ನ ತುರಿಯುವ ಮಣೆಯ ಪಕ್ಕ ಇಟ್ಟಿದ್ದಳು.