ಇಲ್ಲದ ಕೌನ್ಸಿಲ್ಲಿಗೆ ಒಂದು ಶಾಲು, ಒಂದು ಪೇಟ

2025ರ ಸೆಪ್ಟೆಂಬರ್ 10ರಂದು ಬೆಂಗಳೂರಿನಲ್ಲಿ ಒಂದು ಸಾಧನೆ ನಡೆದುಹೋಯಿತು, ಯಾರೂ ಪಟಾಕಿ ಹೊಡೆಯಲಿಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಇಲ್ಲದ ಕೌನ್ಸಿಲ್ ತನ್ನ ಐದು ವರ್ಷಗಳ ಪೂರ್ಣಾವಧಿಯನ್ನು ಮುಗಿಸಿತು.

ಇದ್ದ ಕೌನ್ಸಿಲ್ ಮನೆಗೆ ಹೋದದ್ದು 2020ರ ಅದೇ ದಿನ. ಅಂದಿನಿಂದ ಅಧಿಕಾರದಲ್ಲಿದ್ದ ಈ ಇಲ್ಲದ ಕೌನ್ಸಿಲ್ಲಿನ ಶಿಸ್ತನ್ನು ಮೆಚ್ಚಲೇಬೇಕು. ಒಬ್ಬ ಸದಸ್ಯನೂ ಪಕ್ಷಾಂತರ ಮಾಡಲಿಲ್ಲ. ಮೇಯರ್ ಚುನಾವಣೆಯ ಮುನ್ನಾದಿನ ಯಾರನ್ನೂ ರೆಸಾರ್ಟಿಗೆ ಸಾಗಿಸಬೇಕಾಗಲಿಲ್ಲ. ಕೆಂಪೇಗೌಡ ಪೌರ ಸಭಾಂಗಣದಲ್ಲಿ ಒಂದು ಕಾಗದವೂ ಹರಿಯಲಿಲ್ಲ. ಇಂಥ ಸಭ್ಯರನ್ನು ಮತ ಹಾಕಿ ಆರಿಸಲು ನಮ್ಮಿಂದ ಆಗುತ್ತಿತ್ತೇ?

ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಎರಡು ಮಾತು ಹೇಳಿತ್ತು. ಪಾಲಿಕೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಲ್ಲ; ಅದು ಮುಗಿಯುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಮೊದಲನೆಯದನ್ನು ಸರ್ಕಾರ ಗಡಿಯಾರ ನೋಡಿಕೊಂಡು ಪಾಲಿಸಿತು. ಎರಡನೆಯದಕ್ಕೆ ಬರುವಷ್ಟರಲ್ಲಿ ಹಾಳೆಗಳು ಅಂಟಿಕೊಂಡಿದ್ದವೋ ಏನೋ. ಬೇಗ ಚುನಾವಣೆ ನಡೆಸಿ ಎಂದು ಉಚ್ಚ ನ್ಯಾಯಾಲಯ ನೆನಪಿಸಿದ್ದಕ್ಕೆ ಸರ್ಕಾರ ದೆಹಲಿಗೆ ಓಡಿ ಸುಪ್ರೀಂ ಕೋರ್ಟಿನಿಂದ ತಡೆ ತಂದಿತು. ಆ ಚುರುಕು ಮೋರಿಯ ಹೂಳೆತ್ತುವಾಗ ಎಲ್ಲಿರುತ್ತದೋ ಕಾಣೆ.

ಹಾಗೆಂದು ಚುನಾವಣೆ ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ವಾರ್ಡು ಎಣಿಸುತ್ತಿದ್ದರು, ಅಷ್ಟೆ. 198 ಇದ್ದವು. ಸಾಲದೆಂದು ಕಮಲದವರು 243 ಮಾಡಿದರು. ಅದು ಸರಿಯಿಲ್ಲವೆಂದು ಕೈಯವರು 2023ರಲ್ಲಿ 225ಕ್ಕೆ ಇಳಿಸಿದರು. ಪೂರ್ಣಾವಧಿ ಮುಗಿದ ಮೇಲೂ ಎಣಿಕೆ ನಿಲ್ಲದೆ ನವೆಂಬರಿನಲ್ಲಿ 369ಕ್ಕೆ ಏರಿತು. ಊಟಕ್ಕೆ ಒಬ್ಬರನ್ನೂ ಕರೆಯದೆ ಎಲೆ ಎಣಿಸುತ್ತಾ ಕುಳಿತ ಯಜಮಾನರ ಕಥೆ ಇದು. ಹಿಂದಿ, ಹಿಜಾಬು, ಹಾಲಿನ ದರ ಎಲ್ಲದಕ್ಕೂ ಕಚ್ಚಾಡಿದ ಎರಡು ಪಕ್ಷಗಳು ಎಲೆ ಬಡಿಸುವುದು ಬೇಡ ಎಂಬ ಒಂದು ವಿಷಯದಲ್ಲಿ ಅಣ್ಣತಮ್ಮಂದಿರಂತೆ ನಡೆದುಕೊಂಡವು. ತಾಲೀಮೂ ಆಗಿತ್ತೆನ್ನಿ: 2006ರ ಕೊನೆಯಿಂದ 2010ರವರೆಗೂ ನಗರ ಹೀಗೆಯೇ ಸದಸ್ಯರಿಲ್ಲದೆ ಸಾಗಿತ್ತು.

ಇಲ್ಲದ ಕೌನ್ಸಿಲ್ಲಿನ ಕೆಲಸ ನೋಡಿಕೊಂಡವರು ಆಡಳಿತಾಧಿಕಾರಿ. ಒಬ್ಬರೇ 198 ಮಂದಿ. ಅಧಿಕಾರಿ ಬಜೆಟ್ ಬರೆಯುತ್ತಾರೆ, ಇನ್ನೊಬ್ಬ ಅಧಿಕಾರಿ ಅದಕ್ಕೆ ಒಪ್ಪಿಗೆ ಕೊಡುತ್ತಾರೆ. ಆಕ್ಷೇಪವಿಲ್ಲ, ಧರಣಿಯಿಲ್ಲ, ಚಹಾ ತಣ್ಣಗಾಗುವುದೂ ಇಲ್ಲ. 2022ರಲ್ಲಂತೂ ಮಾರ್ಚ್ 31ರ ರಾತ್ರಿ, ಊರು ಮಲಗುವ ಹೊತ್ತಿಗೆ, ಬಜೆಟ್ ಸದ್ದಿಲ್ಲದೆ ವೆಬ್‌ಸೈಟ್ ಏರಿತು. ಮನೆಯವರನ್ನು ಎಬ್ಬಿಸದೆ ಒಳಬರುವ ಸೌಜನ್ಯ ಎಲ್ಲರಿಗೂ ಇರುವುದಿಲ್ಲ.

ಶಾಸಕರ ಸುಖವನ್ನು ಕೇಳಲೇಬೇಡಿ. ಕಾರ್ಪೊರೇಟರ್ ಇದ್ದರೆ ಚರಂಡಿ ಗುದ್ದಲಿ ಪೂಜೆಯಲ್ಲಿ ಗುದ್ದಲಿ ಹಂಚಿಕೊಳ್ಳಬೇಕು, ಮುಂದಿನ ಸಲ ಟಿಕೆಟಿಗೂ ಅವನೇ ಪೈಪೋಟಿ. ಈಗ ಪೂಜೆಯೂ ತಮ್ಮದು, ತೆಂಗಿನಕಾಯಿಯೂ ತಮ್ಮದು. ಇತ್ತ ಕಾರಿನ ಫಲಕದಲ್ಲಿ 'ಕಾರ್ಪೊರೇಟರ್' ಎಂದು ದಪ್ಪಕ್ಷರದಲ್ಲಿ ಬರೆಸಿದ್ದವರು ಅದರ ಮೇಲೆ ಇರುವೆ ಗಾತ್ರದ 'ಮಾಜಿ' ಸೇರಿಸಿಕೊಂಡು ಐದು ವರ್ಷ ತಳ್ಳಿದರು.

ಇಷ್ಟು ಚೆನ್ನಾಗಿ ನಡೆದ ಕೌನ್ಸಿಲ್ಲಿಗೆ ಸನ್ಮಾನ ಮಾಡೋಣವೆಂದರೆ ಒಂದು ತೊಡಕು. ಅವಧಿ ಮುಗಿಯಲು ಎಂಟು ದಿನ ಇರುವಾಗ, ಸೆಪ್ಟೆಂಬರ್ 2ರಂದು, ಪಾಲಿಕೆಯನ್ನೇ ಐದು ಹೋಳು ಮಾಡಿದರು: ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಇಲ್ಲದ ಒಂದು ಕೌನ್ಸಿಲ್ ರಾತ್ರೋರಾತ್ರಿ ಇಲ್ಲದ ಐದು ಕೌನ್ಸಿಲ್ಲುಗಳಾದವು. ಹೀಗಾಗಿ ಪೇಟ ತೊಡಿಸಲು ಒಂದು ಖಾಲಿ ಕುರ್ಚಿ ಸಾಕೋ, ಐದು ಬೇಕೋ ಎಂಬ ಕಡತ ಸದ್ಯ ಐವರು ಆಯುಕ್ತರ ನಡುವೆ ಸುತ್ತುತ್ತಿರಬೇಕು. ಶಾಲಿಗೆ ಟೆಂಡರ್ ಮಾತ್ರ ಆಗಿರುತ್ತದೆ.